ದೀಪ ಕೆಟ್ಟಿತೆ, ದಾರಿ ಕೆಟ್ಟಿತೆ?

ಅಮೆರಿಕದ ಕೊಲರಾಡೊದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಬೇಸಗೆಯಲ್ಲಿ ಹಳೆಯದೊಂದು ಕ್ಯಾಂಪರ್ ಟ್ರೇಲರನ್ನು ಕೊಂಡನು. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಯ ಮನೆ ಅದು. ಮಲಗಲು ಮಂಚ, ಅಡಿಗೆಗೆ ಒಲೆ, ಬೆಳಕಿಗೆ 12 ವೋಲ್ಟಿನ ದೀಪಗಳು, ಎಲ್ಲವೂ ಅದರಲ್ಲಿಯೇ ಉಂಟು. ಬೀಡುಬಿಟ್ಟ ಮೊದಲನೆಯ ರಾತ್ರಿಯೇ ದೀಪಗಳು ಮಂಕಾದುವು. ಅವನು ಬಲ್ಬುಗಳನ್ನು ಬದಲಾಯಿಸಿದನು, ಫಲವಾಗಲಿಲ್ಲ. ಹೊಸ ಬ್ಯಾಟರಿಯನ್ನು ತಂದನು, ಮಂಕು ಹೋಗಲಿಲ್ಲ. ಕೊನೆಗೆ ದೂರವಾಣಿಯಲ್ಲಿ ನನ್ನನ್ನು ಕೇಳಿದನು: “15 ಆಂಪಿಯರಿನ ಫ್ಯೂಸು ಪ್ರವಾಹವನ್ನು ತಡೆಯುತ್ತಿರಬಹುದು, 30 ಆಂಪಿಯರಿನದನ್ನು ಹಾಕಲೆ?”

ನಾನು ಬೆಚ್ಚಿದೆನು. ಫ್ಯೂಸು ಇರುವುದು ತಂತಿಯ ರಕ್ಷಣೆಗಾಗಿಯೇ ಹೊರತು ಬೆಳಕನ್ನು ಹೆಚ್ಚಿಸುವುದಕ್ಕಲ್ಲ. 15 ಆಂಪಿಯರಿಗೆ ತಕ್ಕ ತಂತಿಗೆ 30 ಆಂಪಿಯರಿನ ಫ್ಯೂಸನ್ನು ಜೋಡಿಸಿದರೆ, ಎಂದಾದರೂ ಪ್ರವಾಹ ಮಿತಿಮೀರಿದಾಗ ಕರಗಬೇಕಾದ ಫ್ಯೂಸು ಕರಗದೆ ಗೋಡೆಯೊಳಗಿನ ತಂತಿಯೇ ಕಾದೀತು. ಆ ಗೋಡೆ ಮರದ ಹಲಗೆಯದು. ಅದರ ಪಕ್ಕದಲ್ಲಿ ಅವನ ಮಕ್ಕಳು ಮಲಗುತ್ತಾರೆ. ನಮ್ಮ ಮನೆಗಳಲ್ಲಿ ಸುಟ್ಟುಹೋದ ಫ್ಯೂಸಿಗೆ ದಪ್ಪ ತಂತಿಯನ್ನು ಸುತ್ತುವವರು ಮಾಡುವ ತಪ್ಪೂ ಇದೇ.

ಈತನು ಓಮನ ನಿಯಮದ ಪ್ರಯೋಗದಲ್ಲಿ ನನ್ನಿಂದಲೇ ಪೂರ್ಣಾಂಕಗಳನ್ನು ಪಡೆದವನು. ಅಂಥವನು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಸರಿಯಾಗಿದ್ದುದನ್ನೆಲ್ಲ ಬದಲಾಯಿಸುತ್ತ ಹೋದುದೇಕೆ?

ನಾನು ಎರಡು ಪ್ರಶ್ನೆಗಳನ್ನು ಕೇಳಿದೆನು. ಬೀಡಿನ ಮೈದಾನದಲ್ಲಿ ದೊರೆಯುವ ಮುಖ್ಯ ವಿದ್ಯುತ್ತಿಗೆ ಟ್ರೇಲರನ್ನು ಜೋಡಿಸಿದಾಗಲೂ ದೀಪ ಮಂಕೇ? ಹೌದು. ಹಾಗಿದ್ದರೆ ಬ್ಯಾಟರಿಯ ಮೇಲೆ ಸಂಶಯಪಡಲು ಕಾರಣವಿರಲಿಲ್ಲ. ಒಂದೇ ದೀಪವನ್ನು ಹೊತ್ತಿಸಿದರೆ ಹೇಗೆ? ಚೆನ್ನಾಗಿಯೇ ಉರಿಯುತ್ತದೆ, ನಾಲ್ಕನ್ನೂ ಹೊತ್ತಿಸಿದರೆ ಮಾತ್ರ ಮಂಕಾಗುತ್ತವೆ. ಅಂದಮೇಲೆ ದೀಪಗಳೂ ನಿರ್ದೋಷಿಗಳು. ದೋಷವಿರುವುದು ನಾಲ್ಕಕ್ಕೂ ಸಮಾನವಾದ ದಾರಿಯಲ್ಲಿ.

“ಆದರೆ ದೀಪದ ಬುಡದಲ್ಲಿ ಮೀಟರು 12 ವೋಲ್ಟನ್ನು ತೋರಿಸುತ್ತದೆಯಲ್ಲ!” ಎಂದನು. ದೀಪಗಳನ್ನು ಆರಿಸಿ ಅಳೆದಿದ್ದನು; ಮೋಸ ಹೋದುದು ಇಲ್ಲಿಯೇ. ಮೀಟರಿನ ಒಳರೋಧವು ಲಕ್ಷಾಂತರ ಓಮುಗಳಷ್ಟು. ಅದರ ಮೂಲಕ ಹರಿಯುವ ಪ್ರವಾಹ ಅತ್ಯಲ್ಪ. ಪ್ರವಾಹವಿಲ್ಲದೆಡೆ ಕೆಟ್ಟ ಸಂಧಿಯೂ ವೋಲ್ಟೇಜನ್ನು ನುಂಗುವುದಿಲ್ಲ. ಭಾರ ಹೊರಿಸದೆ ಹಗ್ಗದ ಬಲವನ್ನು ನಿರ್ಣಯಿಸಲಾದೀತೆ?

ಲೆಕ್ಕ ಹಾಕಿ ನೋಡೋಣ. ಒಂದೊಂದು ದೀಪವೂ 12 ವ್ಯಾಟಿನದೆಂದೂ ಅದರ ರೋಧ 12 ಓಮೆಂದೂ ಇಟ್ಟುಕೊಳ್ಳಿ. ಸಮಾನವಾದ ದಾರಿಯಲ್ಲಿ 2 ಓಮ್ ರೋಧದ ಕೆಟ್ಟ ಸಂಧಿಯೊಂದಿದೆ. ಒಂದೇ ದೀಪ ಉರಿಯುವಾಗ ಒಟ್ಟು ರೋಧ 14 ಓಮ್. ದೀಪಕ್ಕೆ ಸುಮಾರು 10.3 ವೋಲ್ಟು ದೊರೆಯುತ್ತದೆ. ನಾಲ್ಕು ದೀಪಗಳು ಸಮಾಂತರವಾಗಿ ಸೇರಿದರೆ ಅವುಗಳ ರೋಧ 3 ಓಮ್, ಸಂಧಿಯೂ ಸೇರಿ 5. ಪ್ರವಾಹ 2.4 ಆಂಪಿಯರ್, ದೀಪಗಳಿಗೆ ದೊರೆಯುವುದು 7.2 ವೋಲ್ಟು ಮಾತ್ರ. ಉಳಿದ 4.8 ವೋಲ್ಟನ್ನು ಸಂಧಿಯೇ ನುಂಗಿ, ಸುಮಾರು 11.5 ವ್ಯಾಟಿನಷ್ಟು ಶಾಖವನ್ನು ಕಾರುತ್ತದೆ. ತಂತುವಿನ ರೋಧ ಉಷ್ಣತೆಯೊಡನೆ ಬದಲಾಗುವುದರಿಂದ ಅಂಕಿಗಳು ತುಸು ಬೇರೆಯಾದಾವು, ತತ್ತ್ವ ಬದಲಾಗದು. ಪ್ರವಾಹವು ಇಲ್ಲಿ 15 ಆಂಪಿಯರಿನ ಹತ್ತಿರಕ್ಕೂ ಬಂದಿಲ್ಲವೆಂಬುದನ್ನು ಗಮನಿಸಿ. ಫ್ಯೂಸನ್ನು ಶಂಕಿಸಿದುದು ವ್ಯರ್ಥ. ಕಾಯುತ್ತಿದ್ದ ಸಂಧಿಯನ್ನು ಯಾವ ಫ್ಯೂಸೂ ಗುರುತಿಸಲಾರದು.

ನಾಲ್ಕು ದೀಪಗಳನ್ನೂ ಹೊತ್ತಿಸಿ, ಬ್ಯಾಟರಿಯ ಋಣಧ್ರುವಕ್ಕೂ ದೀಪದ ಮರುದಾರಿಯ ತುದಿಗೂ ಮೀಟರನ್ನು ಹಿಡಿಯೆಂದೆನು. ಶೂನ್ಯದ ಸಮೀಪವಿರಬೇಕಾದಲ್ಲಿ ಸುಮಾರು 5 ವೋಲ್ಟು ಕಂಡಿತು. ಇಂಥ ವಾಹನಗಳಲ್ಲಿ ಪ್ರವಾಹವು ಹಿಂದಿರುಗುವುದು ಬಹುಮಟ್ಟಿಗೆ ಉಕ್ಕಿನ ಚೌಕಟ್ಟಿನ ಮೂಲಕ. ಮರುದಾರಿಯ ತಂತಿಯನ್ನು ಚೌಕಟ್ಟಿಗೆ ಬಿಗಿದಿದ್ದ ಬೋಲ್ಟು ತುಕ್ಕು ಹಿಡಿದಿದ್ದಿತು. ಬ್ಯಾಟರಿಯನ್ನು ಕಳಚಿ, ಬೋಲ್ಟನ್ನು ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ ಮತ್ತೆ ಬಿಗಿದನು. ದೀಪಗಳು ಬೆಳಗಿದುವು. ಖರ್ಚಾದುದು ಉಪ್ಪುಕಾಗದದ ಒಂದು ಚೂರು.

ತಪ್ಪು ಅವನದಲ್ಲ, ಬಹುಪಾಲು ನನ್ನದು. ನಮ್ಮ ಪ್ರಯೋಗಾಲಯಗಳಲ್ಲಿ ವಿದ್ಯಾರ್ಥಿ ಬರುವುದಕ್ಕೆ ಮುಂಚೆಯೇ ಸಹಾಯಕನು ಸಡಿಲ ತಿರುಪನ್ನು ಬಿಗಿದು, ಕೆಟ್ಟ ತಂತಿಯನ್ನು ಬದಲಾಯಿಸಿ, ಎಲ್ಲವನ್ನೂ ಸಿದ್ಧವಾಗಿಟ್ಟಿರುತ್ತಾನೆ. ದೋಷವನ್ನು ಹುಡುಕುವ ವಿದ್ಯೆ ಸಹಾಯಕನಿಗೆ ಲಭಿಸುತ್ತದೆ. ನೇರ ರೇಖೆಯ ನಕ್ಷೆಯಷ್ಟೇ ವಿದ್ಯಾರ್ಥಿಯ ಪಾಲು.

ಓಮನಿಗೆ ಈ ಸೌಕರ್ಯವಿರಲಿಲ್ಲ. ಕಲೋನ್ ನಗರದ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ಆತನು 1825ರಲ್ಲಿ ಪ್ರಕಟಿಸಿದ ಸೂತ್ರ ತಪ್ಪಾಗಿತ್ತು. ಅವನ ವೋಲ್ಟಾ ಕೋಶಗಳು ಪ್ರವಾಹ ಹರಿಯತೊಡಗಿದೊಡನೆ ಸೊರಗುತ್ತಿದ್ದುವು. ಮರುವರ್ಷ ತಾಮ್ರ ಮತ್ತು ಬಿಸ್ಮತ್‌ಗಳ ಉಷ್ಣಯುಗ್ಮವನ್ನು ರಚಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಮತ್ತೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟು, ಸ್ಥಿರವಾದ ಮೂಲವನ್ನು ಪಡೆದನು. 1827ರ ಅವನ ಪ್ರಸಿದ್ಧ ಗ್ರಂಥದ ಹಿಂದೆ ಹೀಗೆ ದೋಷವೊಂದರ ಅನ್ವೇಷಣೆಯಿದೆ. ನಾವು ಆ ನಿಯಮವನ್ನು ಕಲಿಸುತ್ತೇವೆ, ಅನ್ವೇಷಣೆಯನ್ನು ಬಿಟ್ಟುಬಿಡುತ್ತೇವೆ.

ಆದುದರಿಂದ ನನ್ನ ಸಲಹೆ ಇಷ್ಟೆ: ಪ್ರತಿ ಅವಧಿಯಲ್ಲಿಯೂ ಬೇಕೆಂದೇ ಕೆಡಿಸಿದ ಒಂದು ಮಂಡಲವನ್ನು ವಿದ್ಯಾರ್ಥಿಗೆ ಕೊಡಬೇಕು, ಅದನ್ನು ಸರಿಪಡಿಸಿದುದಕ್ಕಲ್ಲ, ದೋಷವಿರುವ ಸ್ಥಳವನ್ನು ತರ್ಕದಿಂದ ತೋರಿಸಿದುದಕ್ಕೆ ಅಂಕಗಳನ್ನು ನೀಡಬೇಕು. ಪಾಠಗಳು ಮುಗಿಯುವುದಿಲ್ಲವೆಂದು ಸಹೋದ್ಯೋಗಿಗಳು ಆಕ್ಷೇಪಿಸಬಹುದು. ಹತ್ತು ಪ್ರಯೋಗಗಳಲ್ಲಿ ಒಂದು ಕಡಮೆಯಾದರೂ ಚಿಂತೆಯಿಲ್ಲ.

ವಿದ್ಯಾರ್ಥಿಗಳು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮನೆಯ 230 ವೋಲ್ಟಿನ ತಂತಿಗಳಿಗೆ ಕೈಹಾಕಬೇಡಿ. ಕೆಟ್ಟುಹೋದ ಹಳೆಯ ಟಾರ್ಚೊಂದು ಸಾಕು. ಹೊಸ ಸೆಲ್ಲು ಹಾಕುವುದಕ್ಕೆ ಮುಂಚೆ, ತಪ್ಪು ಎಲ್ಲಿರಲಾರದೆಂಬುದನ್ನು ಒಂದೊಂದಾಗಿ ಬರೆದುಕೊಳ್ಳಿ.