ಮುಖ್ಯವಾದದ್ದು ಏನಾದರೂ ಇದೆಯಾ?

"ಮುಖ್ಯವಾದದ್ದು ಏನಾದರೂ ಇದೆಯಾ ಸಾರ್?" ಎಂದು ಕಂಪ್ಯೂಟರ್ ಅಂಗಡಿಯ ಹುಡುಗ ಕೇಳಿದ.

"ಏನಿಲ್ಲಪ್ಪ. ಅಂಗಡಿ ಲೆಕ್ಕ ಎಲ್ಲ ಪೆನ್‌ಡ್ರೈವಿಗೆ ಹಾಕ್ಕೊಂಡಿದೀನಿ. ನೀನು ಶುರು ಮಾಡು" ಎಂದರು ನನ್ನ ಯಜಮಾನರು.

ನಾನು ಆಗ ಅಡುಗೆಮನೆಯಲ್ಲಿ ಆ ಹುಡುಗನಿಗೇ ಕಾಫಿ ಬೆರೆಸುತ್ತಿದ್ದೆ. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಲೋಟ ಹಿಡಿದು ಹೊರಗೆ ಬಂದಾಗ ಕೆಲಸ ಅರ್ಧ ಮುಗಿದಿತ್ತು. "ಹಳೆಯದೆಲ್ಲ ಕ್ಲೀನ್ ಆಂಟಿ, ಇನ್ನು ನೋಡಿ ಹೇಗೆ ಓಡುತ್ತೆ" ಎಂದ.

ಇದು ನಡೆದದ್ದು 2025ರ ಅಕ್ಟೋಬರ್‌ನಲ್ಲಿ. ಆ ತಿಂಗಳ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಸಿಕೊಳ್ಳುವವರ ಸಾಲು, ಅಂಗಡಿಗಳಿಗೆ ಸುಗ್ಗಿ. ನಮ್ಮ ಮನೆಯಲ್ಲೂ ಹಬ್ಬಕ್ಕೆ ಮುಂಚೆ ಆಗಿಬಿಡಲಿ ಎಂದು ಅವಸರ.

ಕ್ಲೀನ್ ಆದದ್ದು ಏನು? ಡೆಸ್ಕ್‌ಟಾಪಿನ ಮೇಲೆ 'ಅಮ್ಮ' ಎಂಬ ಹೆಸರಿನ ಒಂದು ಫೋಲ್ಡರ್. ಅದರೊಳಗೆ ಅಮ್ಮ ಹಾಡಿದ ಮೂವತ್ತೊಂದು ಹಾಡುಗಳು. ಎಣ್ಣೆ ಹಚ್ಚುವ ಹಾಡು, ಆರತಿ ಹಾಡು, ಹೆಣ್ಣು ಒಪ್ಪಿಸಿಕೊಡುವ ಹಾಡು. ನಡುನಡುವೆ ಅವಳ ಕೆಮ್ಮು, "ಸಾಕು ಬಿಡೇ, ಹಾಲು ಉಕ್ಕುತ್ತೆ" ಎಂಬ ಗದರಿಕೆ. ಜೊತೆಗೆ ಅವಳು ಹೇಳಿ ನಾನು ಬರೆದುಕೊಂಡ ಅಡುಗೆಗಳು: ಅಪ್ಪೆಹುಳಿ, ತಂಬುಳಿ, ಬಾಣಂತಿಗೆ ಕೊಡುವ ಲೇಹ್ಯ. ಹನ್ನೊಂದು ವರ್ಷ ಮಧ್ಯಾಹ್ನದ ಬಿಡುವಿನಲ್ಲಿ ಕೂತು ಟೈಪ್ ಮಾಡಿದ್ದು. ಅಮ್ಮ ಹೋಗಿ ಮೂರು ವರ್ಷವಾಗಿತ್ತು.

ವಿಷಯ ತಿಳಿದಾಗ ಯಜಮಾನರು ನಿಜಕ್ಕೂ ನೊಂದುಕೊಂಡರು. ಆದರೆ ಅವರ ಬಾಯಿಂದ ಮೊದಲು ಬಂದ ಮಾತು, "ಅಲ್ವೇ, ನಿಂದೂ ಏನಾದ್ರೂ ಇತ್ತಾ ಅದರಲ್ಲಿ?"

ನನ್ನ ಜಗಳ ಈ ಆಶ್ಚರ್ಯದ ಜೊತೆ. ಹುಡುಗನ ತಪ್ಪಿಲ್ಲ, ಅವನು ಕೇಳಿದ. ಯಜಮಾನರೂ ಕೆಟ್ಟವರಲ್ಲ. ಆದರೆ ಮನೆಯ ಕಂಪ್ಯೂಟರಿನಲ್ಲಿ 'ಮುಖ್ಯವಾದದ್ದು' ಎಂದರೆ ಲೆಕ್ಕ, ತೆರಿಗೆ, ಮಗನ ಪ್ರಾಜೆಕ್ಟು. ಹೆಂಗಸು ಕೂಡಿಟ್ಟ ಹಾಡು, ಅಡುಗೆ, ಬಾಣಂತನದ ಫೋಟೋ ಯಾವ ಲೆಕ್ಕಕ್ಕೂ ಇಲ್ಲ ಎಂಬುದನ್ನು ಯಾರು ಯಾವಾಗ ತೀರ್ಮಾನಿಸಿದರು? ಇನ್ನೂ ನೋವಿನ ಸಂಗತಿ, ನಾವೂ ಅದನ್ನು ಒಪ್ಪಿಕೊಂಡಿದ್ದೇವೆ. "ನನ್ನದೇನು ಮಹಾ" ಎಂದು ಒಳಗೆ ಕಾಫಿ ಬೆರೆಸುತ್ತೇವೆ.

"ಅದೆಲ್ಲ ಟೆಕ್ನಿಕಲ್, ನಿನಗೆ ಗೊತ್ತಾಗಲ್ಲ" ಎನ್ನುವವರಿದ್ದಾರೆ. ಗೊತ್ತಾಗದೇ ಇರುವಂಥದ್ದು ಏನೂ ಇಲ್ಲ. ವಿಂಡೋಸನ್ನು ಮೇಲ್ದರ್ಜೆಗೆ ಏರಿಸಲು ಎರಡು ದಾರಿ. ಒಂದು, ಇದ್ದದ್ದರ ಮೇಲೆಯೇ ಹೊಸದನ್ನು ಕೂರಿಸುವುದು; ಇದರಲ್ಲಿ ನಮ್ಮ ಫೈಲುಗಳು ಸಾಮಾನ್ಯವಾಗಿ ಉಳಿಯುತ್ತವೆ. ಇನ್ನೊಂದು, ಪೂರ್ತಿ ಒರೆಸಿ ಹೊಸದಾಗಿ ಹಾಕುವುದು, ಅಂದರೆ ಫಾರ್ಮ್ಯಾಟ್. ನಮ್ಮ ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು ಎಲ್ಲ ಸಾಮಾನ್ಯವಾಗಿ ಇರುವುದು ಸಿ ಡ್ರೈವಿನಲ್ಲಿ; ಒರೆಸುವುದೂ ಅದನ್ನೇ. ಹಳೆಯ ಹಾರ್ಡ್‌ಡಿಸ್ಕಾದರೆ ಅಳಿದದ್ದನ್ನು ಕೆದಕಿ ಒಂದಷ್ಟು ತೆಗೆಯುವ ಆಸೆ ಇರುತ್ತಿತ್ತು. ಈಗಿನ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಜಾಗವನ್ನು ಡಿಸ್ಕು ತಾನೇ ಗುಡಿಸಿ ಸಾರಿಸಿಬಿಡುತ್ತದೆ. ನಮ್ಮದು ಎಸ್‌ಎಸ್‌ಡಿ.

ಮೊದಲ ದಾರಿಯನ್ನಾದರೂ ಕಣ್ಣುಮುಚ್ಚಿ ನಂಬಬೇಕೆ? 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣೆಯೊಂದು ಕೆಲವರ ಡಾಕ್ಯುಮೆಂಟುಗಳನ್ನು, ಫೋಟೋಗಳನ್ನು ನುಂಗಿಹಾಕಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದು, ಸರಿಪಡಿಸಿ, ನವೆಂಬರ್‌ನಲ್ಲಿ ಮತ್ತೆ ಬಿಡಬೇಕಾಯಿತು. ಮಾಡಿದವರಿಗೇ ಹೀಗಾದರೆ ನಮ್ಮ ಬೀದಿಯ ಅಂಗಡಿಯವರ ಪಾಡೇನು? ಅದೂ ನಡುವೆ ಕರೆಂಟು ಹೋಗುವ ನಮ್ಮ ಊರುಗಳಲ್ಲಿ!

"ಈಗೆಲ್ಲ ಕ್ಲೌಡ್ ಇದೆಯಲ್ಲ" ಎಂದು ಸೊಸೆ ಸಮಾಧಾನ ಹೇಳಿದಳು. ಇದೆ. ಗೂಗಲ್‌ನಲ್ಲಿ ಬಿಟ್ಟಿಯಾಗಿ 15 ಜಿಬಿ, ಮೈಕ್ರೋಸಾಫ್ಟಿನ ಒನ್‌ಡ್ರೈವಿನಲ್ಲಿ 5 ಜಿಬಿ. ತುಂಬಿದ ಮೇಲೆ ಹೊಸದು ಒಳಗೆ ಹೋಗುವುದಿಲ್ಲ, ನಾವು ಎಚ್ಚರಿಕೆ ಓದುವುದೂ ಇಲ್ಲ. ಜೊತೆಗೆ ಇವು ಎರಡೂ ಕಡೆ ಒಂದೇ ಥರ ಇರುವಂತೆ ಹೊಂದಿಸುತ್ತವೆ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ, ಗಡುವಿನೊಳಗೆ ಅದರ ಕಸದ ಬುಟ್ಟಿ ಹುಡುಕದಿದ್ದರೆ ಹೋದದ್ದು ಹೋದದ್ದೇ. ಕನ್ನಡಿಯಲ್ಲಿ ಕಾಣುವ ಬಿಂಬವನ್ನು ಇನ್ನೊಂದು ಪ್ರತಿ ಎನ್ನಲಾದೀತೆ?

ದೊಡ್ಡವರ ಮನೆಯದೊಂದು ಕಥೆ ಕೇಳಿ. ಅಮೆರಿಕದ ಪಿಕ್ಸಾರ್ ಸ್ಟುಡಿಯೊ 'ಟಾಯ್ ಸ್ಟೋರಿ 2' ಎಂಬ ಸಿನಿಮಾ ತಯಾರಿಸುತ್ತಿತ್ತು. 1998ರಲ್ಲಿ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಸಿನಿಮಾದ ಬಹುಭಾಗ ಅಳಿಸಿಹೋಯಿತು. ಬ್ಯಾಕಪ್ ತೆಗೆದು ನೋಡಿದರೆ ಅದೂ ಸರಿಯಾಗಿ ಆಗಿರಲಿಲ್ಲ. ಕೊನೆಗೆ ಉಳಿಸಿದವಳು ಗೇಲಿನ್ ಸಸ್ಮನ್ ಎಂಬ ಹೆಂಗಸು. ಎಳೆಕೂಸು ಇದ್ದುದರಿಂದ ಆಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಆಕೆಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದಕ್ಕೆ ಕಂಬಳಿ ಸುತ್ತಿ, ಕೂಸನ್ನು ಕರೆದೊಯ್ಯುವ ಹಾಗೆ ಕಾರಿನಲ್ಲಿ ಜೋಪಾನವಾಗಿ ತಂದರಂತೆ. ಅಷ್ಟು ದೊಡ್ಡ ಕಂಪನಿಯ ಮರ್ಯಾದೆ ಉಳಿದದ್ದು ಒಬ್ಬ ತಾಯಿಯ ಮನೆಯಿಂದ!

ಎರಡನೆಯ ಪ್ರತಿ ಇಡುವುದು ನಮಗೆ ಯಾರಾದರೂ ಕಲಿಸಬೇಕೆ? ವರ್ಷದ ಮಿಡಿ ಉಪ್ಪಿನಕಾಯಿಯನ್ನು ಅಮ್ಮ ಒಂದೇ ಭರಣಿಗೆ ತುಂಬಿದವಳಲ್ಲ. ಒಂದಕ್ಕೆ ಬೂಸು ಬಂದರೆ ಇನ್ನೊಂದು ಇರಲಿ ಎನ್ನುತ್ತಿದ್ದಳು. ಬೀಜದ ಸೌತೆ ಒಂದು ನಮ್ಮ ಅಟ್ಟದಲ್ಲಿ, ಒಂದು ಅತ್ತೆಯ ಮನೆಯಲ್ಲಿ. ಕಂಪ್ಯೂಟರಿನವರು ಹೇಳುವುದೂ ಇದನ್ನೇ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ.

ಹೊರಗಿನ ಹಾರ್ಡ್‌ಡಿಸ್ಕೊಂದನ್ನು ನಿಮ್ಮ ಹೆಸರಿಗೇ ಕೊಳ್ಳಿ. ಅಂಗಡಿಯ ಹುಡುಗ ಬರುವ ಹಿಂದಿನ ದಿನ ಡೆಸ್ಕ್‌ಟಾಪು, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೋಟೋ ಎಲ್ಲ ಅದಕ್ಕೆ ಹಾಕಿ. ಹಾಕಿದ ಮೇಲೆ ನಾಲ್ಕಾರು ಫೈಲುಗಳನ್ನು ಅದರಿಂದಲೇ ತೆರೆದು ನೋಡಿ. ಸಾಧ್ಯವಾದರೆ ಬೇರೆ ಕಂಪ್ಯೂಟರಿನಲ್ಲಿ. ಆಮೇಲೆ ತಂತಿ ಬಿಚ್ಚಿ ಸೀರೆಯ ಕಪಾಟಿನಲ್ಲಿಡಿ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದರೆ ಇನ್ನೊಂದು ಎಚ್ಚರ: ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಫೈಲಿನ ಜೊತೆ ಫಾಂಟನ್ನೂ ತೆಗೆದಿಡಿ. ಬಿಡುವಾದಾಗ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಇಷ್ಟು ಆಗದೆ ಯಾರನ್ನೂ ಕೀಲಿಮಣೆ ಮುಟ್ಟಲು ಬಿಡಬೇಡಿ. ಕೆಲಸ ಒಂದು ದಿನ ತಡವಾದರೆ ಆಕಾಶ ಬೀಳುವುದಿಲ್ಲ.

ನನಗೆ ವಾಪಸ್ಸು ಸಿಕ್ಕಿದ್ದು ಮೂರು ಹಾಡು. ಅದೂ ಯಾವಾಗಲೋ ಶಿರಸಿಯ ತಂಗಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ, ಅವಳು ಇಟ್ಟುಕೊಂಡಿದ್ದಳು ಎಂಬ ಕಾರಣಕ್ಕೆ. ಉಳಿದವುಗಳಲ್ಲಿ ನೆನಪಿಗೆ ಬಂದಷ್ಟನ್ನು ನಾವಿಬ್ಬರೂ ಕೂತು ಹಾಡಿ ಧ್ವನಿಮುದ್ರಿಸಿಕೊಂಡೆವು. ಹಾಡು ಸಿಕ್ಕಿತು, ಅಮ್ಮನ ಕೆಮ್ಮು ಸಿಗಲಿಲ್ಲ. ಒಂದು ಪ್ರತಿ ನನ್ನ ಕಪಾಟಿನಲ್ಲಿದೆ, ಇನ್ನೊಂದು ಅವಳ ಮನೆಯಲ್ಲಿ.

ಮುಂದಿನ ಸಲ ಆ ಹುಡುಗ ಬಂದಾಗ ಯಜಮಾನರು ಕಾಫಿ ಬೆರೆಸಲಿ. ಅವನ ಪ್ರಶ್ನೆಗೆ ಉತ್ತರ ನಾನು ಹೇಳುತ್ತೇನೆ.