ಹಳೇ ಗೋವೆಯಲ್ಲಿ ಅತ್ತೆಯ ಜೊತೆ

ಸೋದರಿಯರೇ, ದೇವಬಾಗದಲ್ಲಿದ್ದೂ ಹಳೇ ಗೋವೆ ನೋಡಿರಲಿಲ್ಲವೆಂದರೆ ನಗುತ್ತೀರಿ. ಕಳೆದ ತಿಂಗಳು ಅತ್ತೆಯ ಜೊತೆ ಹೋಗಿಬಂದೆ. 1605ರ ಬಾಮ್ ಜೀಸಸ್ ಇಗರ್ಜಿಯದು ನಮ್ಮೂರಿನಂಥದೇ ಕೆಂಪು ಚಿರೇಕಲ್ಲು! ಅಲ್ಲಿಂದ ಸಂತ ಅಗಸ್ಟೀನರ ಮುರುಕು ಗೋಪುರಕ್ಕೆ ಏರುದಾರಿ. ಅತ್ತೆ ಮಂಡಿ ಹಿಡಿದುಕೊಂಡು, ಕೂತು ಕೂತು ಹತ್ತಿದರು. ಅದರ ಗಂಟೆ ಈಗ ಪಣಜಿ ಇಗರ್ಜಿಯಲ್ಲಿದೆ.

ಅಷ್ಟು ದೊಡ್ಡ ಪಟ್ಟಣ ಬರಿದಾದದ್ದು ಮಲೇರಿಯಾ, ಕಾಲರಾದಿಂದ. ಕೊಳಚೆ ಇಂಗಿ ಬಾವಿನೀರು ಕೆಡುತ್ತಿತ್ತಂತೆ. 1843ರಲ್ಲಿ ರಾಜಧಾನಿಯೇ ಪಣಜಿಗೆ ಹೋಯಿತು.

ಅತ್ತೆ ಅಲ್ಲೇ ನಿಂತು, “ನಮ್ಮ ಬಾವಿಗೂ ಪಾಯಖಾನೆ ಗುಂಡಿಗೂ ಎಷ್ಟು ದೂರವೇ?” ಎಂದರು. ಮರುದಿನ ಅಳೆದೆವು. ಮೂರೇ ಮಾರು, ಅದೂ ಮರಳು ನೆಲ! ಅಂದಿನಿಂದ ಕುಡಿಯುವ ನೀರನ್ನು ಚೆನ್ನಾಗಿ ಕುದಿಸುತ್ತಿದ್ದೇನೆ. ಗುಂಡಿಯನ್ನು ದೂರಕ್ಕೆ ಹಾಕಿಸಿರೆಂದು ನಮ್ಮನೆಯವರಿಗೆ ಹೇಳಿ ಎರಡು ವಾರವಾಯಿತು. “ನೋಡೋಣ” ಅಂದಿದ್ದಾರೆ.