ಎದುರಿಗಿರುವ ಹೂವನ್ನೇ ಬರೆಯೋಣ

ಅಕ್ರಿಲಿಕ್ ಬಣ್ಣದಲ್ಲಿ ಹೂವಿನ ಚಿತ್ರ ಬರೆಯುವ ಹವ್ಯಾಸ ಈಗ ದೊಡ್ಡ ನಗರಗಳ ಸೊತ್ತಾಗಿ ಉಳಿದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳ ಮನೆಗಳಿಗೂ ಬಣ್ಣದ ಟ್ಯೂಬು, ಕ್ಯಾನ್ವಾಸ್ ಬೋರ್ಡು ಬಂದಿವೆ. ಹೇಳಿಕೊಡುವ ಗುರು ಮೊಬೈಲಿನೊಳಗೇ ಕೂತಿದ್ದಾನೆ. ಶಾಲೆಯ ಮಕ್ಕಳು, ಕೆಲಸದಿಂದ ನಿವೃತ್ತರಾದವರು, ಮನೆಯಲ್ಲಿರುವ ಹೆಣ್ಣುಮಕ್ಕಳು ಕುಂಚ ಹಿಡಿಯುತ್ತಿರುವುದು ಸಂತೋಷದ ಸಂಗತಿ. ಆದರೆ ಆ ವಿಡಿಯೊಗಳು ಕಲಿಸುವ ಹೂಗಳನ್ನು ನೋಡಿ: ಟ್ಯುಲಿಪ್, ಪಿಯೊನಿ, ಲ್ಯಾವೆಂಡರ್, ಚೆರ್ರಿ. ಇವುಗಳಲ್ಲಿ ಒಂದೂ ಕಾವೇರಿ ಬಯಲಿನದಲ್ಲ. ಬರೆಯುವವರು ಅವನ್ನು ಮುಟ್ಟಿ ನೋಡಿಲ್ಲ, ತಿರುಗಿಸಿ ನೋಡಿಲ್ಲ. ಬೇರೊಬ್ಬರ ಕೈಚಳಕವನ್ನಷ್ಟೇ ನೋಡಿದ್ದಾರೆ. ಅಕ್ರಿಲಿಕ್ಕಿನಲ್ಲಿ ಹೂ ಬರೆಯುವವರು ಹೂವನ್ನು ಎದುರಿಗಿಟ್ಟುಕೊಂಡೇ ಬರೆಯಬೇಕು, ಆ ಕಾರಣಕ್ಕಾಗಿಯೇ ನಮ್ಮ ಹೊಲ, ಕೆರೆ, ಹಿತ್ತಲಿನ ಹೂಗಳಿಂದ ಶುರುಮಾಡಬೇಕು ಎಂಬುದು ಈ ಲೇಖನದ ವಾದ. ಊರಿನ ಮೇಲಿನ ಅಭಿಮಾನದಿಂದ ಹೊರಟ ಮಾತು ಇದಲ್ಲ. ಆ ಬಣ್ಣದ ಗುಣವೇ ಇದನ್ನು ಕೇಳುತ್ತದೆ.

ಆ ಗುಣ ಯಾವುದು? ಬಣ್ಣದ ಪುಡಿಯನ್ನು, ನೀರಿನಲ್ಲಿ ತೇಲುವ ಅತಿ ಸಣ್ಣ ಪ್ಲಾಸ್ಟಿಕ್ ಕಣಗಳ ಅಂಟಿನೊಡನೆ ಬೆರೆಸಿದರೆ ಅಕ್ರಿಲಿಕ್. ನೀರು ಆರಿದಂತೆ ಕಣಗಳು ಒಂದಕ್ಕೊಂದು ಬೆಸೆದು ಪೊರೆ ಕಟ್ಟುತ್ತವೆ. ಆಮೇಲೆ ಒದ್ದೆ ಬಟ್ಟೆಯಿಂದ ಉಜ್ಜಿದರೂ ಅದು ಬಿಡುವುದಿಲ್ಲ. ನೀರಿನಲ್ಲಿ ಕಲಸುವ ಈ ಬಣ್ಣ ಅಮೆರಿಕದಲ್ಲಿ ಕಲಾವಿದರ ಕೈಗೆ ಬಂದದ್ದು 1950ರ ದಶಕದ ನಡುವಿನಲ್ಲಿ. ಎಣ್ಣೆಬಣ್ಣ ದಿನಗಟ್ಟಲೆ ಹಸಿಯಾಗಿರುತ್ತದೆ, ತಪ್ಪಿದ್ದನ್ನು ಒರೆಸಿ ತಿದ್ದಲು ಬಿಡುವು ಕೊಡುತ್ತದೆ. ಅಕ್ರಿಲಿಕ್ಕಿನ ತೆಳು ಪದರ ನಮ್ಮ ಕಡೆಯ ಬೇಸಿಗೆಯಲ್ಲಿ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ. ಇನ್ನೊಂದು ತೊಡಕೂ ಇದೆ. ಹಸಿ ಇರುವಾಗ ಅಂಟು ಹಾಲುಬಿಳಿ. ಆರಿದ ಮೇಲೆ ಅದು ಪಾರದರ್ಶಕ. ಹೀಗಾಗಿ ಹಚ್ಚುವಾಗ ಕಂಡ ಬಣ್ಣ ಆರಿದ ಮೇಲೆ ಸ್ವಲ್ಪ ಗಾಢವಾಗಿರುತ್ತದೆ. ಅಂದರೆ ಅಕ್ರಿಲಿಕ್ ಬಳಸುವವರು ಪ್ರತಿ ಪದರಕ್ಕೂ ಮುಂಚೆಯೇ ತೀರ್ಮಾನ ಮಾಡಿಕೊಂಡಿರಬೇಕು: ಯಾವುದು ಹಿಂದೆ, ಯಾವುದು ಮುಂದೆ, ಯಾವ ಅಂಚು ಚೂಪು, ಯಾವುದು ಮಬ್ಬು. ಕ್ಯಾನ್ವಾಸಿನ ಮೇಲೆ ಯೋಚಿಸುತ್ತ ಕೂರಲು ಸಮಯವಿಲ್ಲ. ಯೋಚನೆಯೆಲ್ಲ ಹೂವನ್ನು ನೋಡುವಾಗಲೇ ಮುಗಿದಿರಬೇಕು.

ಕನಕಾಂಬರವನ್ನೇ ತೆಗೆದುಕೊಳ್ಳಿ. ಕಟ್ಟಿದ ಮಾಲೆಯಲ್ಲಿ ಅದು ಬರೀ ಕಿತ್ತಳೆ ಬಣ್ಣದ ಪಟ್ಟಿ. ಗಿಡದ ಮೇಲೆ ನೋಡಿದರೆ ಹಸಿರು ತೆನೆಯೊಂದರಲ್ಲಿ ಬುಡದಿಂದ ತುದಿಯ ಕಡೆಗೆ ಸರದಿಯಲ್ಲಿ ಅರಳುವ ಹೂಗಳು. ಕೆಳಗಿನದು ಬಾಡುವ ಹೊತ್ತಿಗೆ ಮೇಲಿನದು ಇನ್ನೂ ಮೊಗ್ಗು. ಎಸಳು ದಾಸವಾಳದಂತೆ ಸುತ್ತಲೂ ಹರಡುವುದಿಲ್ಲ, ಸಣ್ಣ ನಾಳದ ತುದಿಯಿಂದ ಒಂದೇ ಪಕ್ಕಕ್ಕೆ ಬಿಚ್ಚಿಕೊಳ್ಳುತ್ತದೆ. ಇದನ್ನು ಗಮನಿಸದವರು ಐದು ದುಂಡು ಎಸಳಿನ ಯಾವುದೋ ಹೂ ಬರೆದು ಕಿತ್ತಳೆ ಬಳಿಯುತ್ತಾರೆ. ಬಣ್ಣದ ವಿಷಯದಲ್ಲೂ ಹಾಗೆಯೇ. ಹಳದಿ, ಕಿತ್ತಳೆ ಬಣ್ಣಗಳು ಬಹುಮಟ್ಟಿಗೆ ಅರೆಪಾರದರ್ಶಕ. ಆರಿದ ಹಸಿರಿನ ಮೇಲೆ ನೇರವಾಗಿ ಹಚ್ಚಿದರೆ ಕೆಳಗಿನ ಹಸಿರು ಇಣುಕಿ ಕಿತ್ತಳೆ ಕಂದಾಗುತ್ತದೆ. ಮೊದಲು ಎಸಳಿನ ಆಕಾರವನ್ನು ಬಿಳಿಯಲ್ಲಿ ತುಂಬಿ, ಆರಲು ಬಿಟ್ಟು, ಅದರ ಮೇಲೆ ತೆಳುವಾಗಿ ಕಿತ್ತಳೆ ಹಾಯಿಸಿದರೆ ಬೆಳಕು ಒಳಗಿನಿಂದ ಬಂದಂತೆ ಕಾಣುತ್ತದೆ. ನೆರಳಿಗೆ ಕಪ್ಪು ಬೆರೆಸಿದರೆ ಹೂವಿನ ಕಳೆಯೇ ಹೋಗುತ್ತದೆ. ಹುಚ್ಚೆಳ್ಳಿನ ಹಳದಿಗೆ ಕಪ್ಪು ಬೆರೆಸಿದರಂತೂ ಅದು ಹಸಿರಿಗೆ ತಿರುಗುತ್ತದೆ. ಈ ಎಚ್ಚರಗಳಲ್ಲಿ ಕೆಲವನ್ನು ವಿಡಿಯೊ ಹೇಳಿಕೊಡಬಹುದು. ಯಾವ ಎಸಳಿಗೆ ಬೆಳಕು ಬಿದ್ದಿದೆ, ಯಾವುದು ತೆನೆಯ ನೆರಳಲ್ಲಿದೆ ಎಂಬುದನ್ನು ಹೂವೇ ಹೇಳಬೇಕು.

ಬಿಳಿ ಹೂಗಳು ಇನ್ನೂ ಕಠಿಣ ಪರೀಕ್ಷೆ. ಸುಗಂಧರಾಜದ ಕಡ್ಡಿಯನ್ನು ಕಿಟಕಿಯ ಪಕ್ಕ ಇಟ್ಟು ನೋಡಿದರೆ ಅದರಲ್ಲಿ ಶುದ್ಧ ಬಿಳಿ ಇರುವುದು ಬೆರಳೆಣಿಕೆಯ ಜಾಗಗಳಲ್ಲಿ. ಉಳಿದದ್ದು ತಿಳಿ ಬೂದಿ, ಹಸಿರು ಛಾಯೆ, ಮೊಗ್ಗಿನ ತುದಿಯಲ್ಲಿ ನಸುಗೆಂಪು. ಟ್ಯೂಬಿನ ಬಿಳಿಯನ್ನು ಮೊದಲೇ ಸುರಿದವರಿಗೆ ಕೊನೆಯ ಹೊಳಪಿಗೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಹಿನ್ನೆಲೆಯನ್ನು ಮೊದಲು ಗಾಢವಾಗಿ ಹಾಕಿ, ಹೂವನ್ನು ಬೂದಿಯಿಂದ ಬೆಳಕಿನ ಕಡೆಗೆ ಎತ್ತಿಕೊಂಡು ಬರಬೇಕು. ಕಬ್ಬಿನ ಸೂಲಂಗಿಯದು ಬೇರೆಯೇ ಸವಾಲು. ಅದಕ್ಕೆ ಎಣಿಸಬಹುದಾದ ಎಸಳಿಲ್ಲ. ಬೆಳ್ಳಿ ಬಣ್ಣದ, ಕೆಲವೊಮ್ಮೆ ನೇರಳೆ ಛಾಯೆಯ ನವಿರು ಮಾತ್ರ. ಒಂದೊಂದು ಎಳೆಯನ್ನೂ ಎಳೆಯಲು ಹೋದರೆ ಅದು ಪೊರಕೆಯಾಗುತ್ತದೆ. ನಡುಬಣ್ಣದಲ್ಲಿ ಅದರ ಮೈಯನ್ನು ಮೂಡಿಸಿ, ಆರಿದ ಮೇಲೆ ಹೆಚ್ಚುಕಡಿಮೆ ಒಣಗಿದ ಬ್ರಷ್ಷಿನಿಂದ ಸವರಿ, ಸುತ್ತಲಿನ ಆಕಾಶವನ್ನು ಒಳಕ್ಕೆ ತಂದು ಅಂಚನ್ನು ಕರಗಿಸಬೇಕು. ಈ ಹೂವಿಗೆಂದು ಸಿದ್ಧ ಪಾಠ ಸುಲಭಕ್ಕೆ ಸಿಗದಿರುವುದೇ ಒಳ್ಳೆಯದು. ಉಪಾಯವನ್ನು ಬರೆಯುವವರೇ ಹುಡುಕಬೇಕಾಗುತ್ತದೆ, ಸೃಜನಶೀಲತೆ ಶುರುವಾಗುವುದು ಅಲ್ಲಿಂದಲೇ.

ನೋಡಿ ಬರೆಯುವ ಈ ಹಾದಿ ಹೊಸದಲ್ಲ. 1620ರಲ್ಲಿ ಕಾಶ್ಮೀರಕ್ಕೆ ಹೋದ ಜಹಾಂಗೀರ್, ಉಸ್ತಾದ್ ಮನ್ಸೂರ್ ಅಲ್ಲಿ ನೂರಕ್ಕೂ ಹೆಚ್ಚು ಹೂಗಳನ್ನು ಚಿತ್ರಿಸಿದನೆಂದು ತನ್ನ ಆತ್ಮಕಥನದಲ್ಲಿ ದಾಖಲಿಸಿದ್ದಾನೆ. ಮನ್ಸೂರನ ಕೆಂಪು ಟ್ಯುಲಿಪ್ ಇಂದಿಗೂ ಹೆಸರುವಾಸಿ. ಅದು ಅವನ ಕಣ್ಣೆದುರೇ ಅರಳಿದ ಹೂ ಎಂಬುದನ್ನು ಮರೆಯಬಾರದು. ನಮ್ಮವರೇ ಆದ ರುಮಾಲೆ ಚನ್ನಬಸವಯ್ಯ (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಜಲವರ್ಣದಲ್ಲಿ, ಎಣ್ಣೆಬಣ್ಣದಲ್ಲಿ ಮತ್ತೆ ಮತ್ತೆ ಬರೆದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ ಪುಸ್ತಕಕ್ಕೆ ತಾವೇ ಚಿತ್ರ ಬರೆದರು. ಗಿಡವನ್ನು ತಿಳಿಯುವುದೂ ಬರೆಯುವುದೂ ಅವರಿಗೆ ಬೇರೆ ಬೇರೆ ಕೆಲಸವಾಗಿರಲಿಲ್ಲ. ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ತಮ್ಮ ಕವನಸಂಕಲನಕ್ಕೆ ‘ಮೈಸೂರು ಮಲ್ಲಿಗೆ’ ಎಂದು ಹೆಸರಿಟ್ಟರು. ದಿನನಿತ್ಯ ಮುಡಿಯುವ ಹೂವೇ ನಾಡಿನ ಮನೆಮಾತಾಯಿತು. ಕಾವ್ಯ ಮಾಡಿದ ಈ ಕೆಲಸವನ್ನು ನಮ್ಮ ಕ್ಯಾನ್ವಾಸ್ ಇನ್ನೂ ಧೈರ್ಯವಾಗಿ ಕೈಗೆತ್ತಿಕೊಂಡಿಲ್ಲ.

ಫೋಟೊ ತೆಗೆದುಕೊಂಡು ನಿಧಾನವಾಗಿ ಬರೆದರೆ ಸಾಲದೇ, ಹೂ ಬಾಡಿಹೋಗುತ್ತದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಕ್ರಿಲಿಕ್ಕಿನ ಅವಸರ ಇಲ್ಲಿ ವರವಾಗುತ್ತದೆ. ಕೆರೆಯ ತಾವರೆ ಬೆಳಿಗ್ಗೆ ಅರಳಿ ಬಿಸಿಲೇರಿದಂತೆ ಮುಚ್ಚಿಕೊಳ್ಳುತ್ತದೆ. ಎಣ್ಣೆಬಣ್ಣದಲ್ಲಿ ಅಷ್ಟರೊಳಗೆ ಒಂದರ ಮೇಲೊಂದು ಒಣ ಪದರ ಏರಿಸುವುದು ಆಗದ ಮಾತು. ಅಕ್ರಿಲಿಕ್ಕಿನಲ್ಲಿ ಒಂದೇ ಬೆಳಗಿನಲ್ಲಿ ನಾಲ್ಕಾರು ಪದರ ಹಾಕಬಹುದು. ಹೂವಿನ ಆಯಸ್ಸಿಗೆ ಹೊಂದುವ ಬಣ್ಣ ಕೈಯಲ್ಲಿರುವಾಗ ಫೋಟೊಕ್ಕೆ ಮೊರೆಹೋಗುವ ಅಗತ್ಯ ಕಡಿಮೆ. ಮೇಲಾಗಿ ಮೊಬೈಲ್ ಕ್ಯಾಮೆರಾ ಕನಕಾಂಬರದ ಕಿತ್ತಳೆ, ತಂಗಡಿಯ ಹಳದಿಯಂಥ ತೀಕ್ಷ್ಣ ಬಣ್ಣಗಳನ್ನು ಹಲವು ಸಲ ಒಂದೇ ತೇಪೆಯಾಗಿ ಚಪ್ಪಟೆ ಮಾಡಿಬಿಡುತ್ತದೆ. ಎಸಳಿನ ಮೇಲಿನ ಸೂಕ್ಷ್ಮ ಏರಿಳಿತ ಅಳಿಸಿಹೋಗುತ್ತದೆ. ಮರೆತದ್ದನ್ನು ನೆನಪಿಸಿಕೊಳ್ಳಲು ಫೋಟೊ ಇರಲಿ. ಆದರೆ ಮೊದಲ ಗೆರೆ, ಮೊದಲ ಬಣ್ಣ ಕಂಡ ಹೂವಿನಿಂದಲೇ ಬರಲಿ.

ಕಲೆಗೆ ಬೇಲಿ ಹಾಕಬಾರದು, ಕಲ್ಪನೆಗೆ ಟ್ಯುಲಿಪ್ ಆದರೇನು ತುಂಬೆ ಆದರೇನು ಎನ್ನುವವರಿದ್ದಾರೆ. ಕಲ್ಪನೆಯ ಸ್ವಾತಂತ್ರ್ಯವನ್ನು ಯಾರೂ ಕಸಿಯುತ್ತಿಲ್ಲ. ಆದರೆ ವಿಡಿಯೊ ನೋಡಿ ಹೊಡೆತಕ್ಕೆ ಹೊಡೆತ ನಕಲು ಮಾಡುವುದು ಕಲ್ಪನೆಯಲ್ಲ. ಅದು ಅಕ್ಷರ ತಿದ್ದುವ ಹಂತ. ಕೈ ಪಳಗಲು ಬೇಕು. ಆದರೆ ತಿದ್ದುತ್ತಲೇ ಇದ್ದವರು ಸ್ವಂತ ವಾಕ್ಯ ಬರೆಯಲಾರರು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ, 1784ರ ಆ ಅರಮನೆಯ ಗೋಡೆ ಕಂಬಗಳ ತುಂಬ, ಹೂಬಳ್ಳಿಯ ವಿನ್ಯಾಸವಿದೆಯಲ್ಲ, ಅವು ನಿಜವಾದ ಹೂಗಳಂತಿಲ್ಲವಲ್ಲ ಎಂದೂ ಕೇಳಬಹುದು. ಗೋಡೆ ತುಂಬುವ ವಿನ್ಯಾಸದ ಕೆಲಸ ಬೇರೆ, ಒಂದೇ ಹೂವಿನ ಮುಂದೆ ನೋಡುವವರನ್ನು ನಿಲ್ಲಿಸುವ ಕ್ಯಾನ್ವಾಸಿನ ಕೆಲಸ ಬೇರೆ. ಮೊದಲನೆಯದಕ್ಕೆ ಲಯ ಸಾಕು. ಎರಡನೆಯದು ಆ ಹೂವಿನ ಪರಿಚಯವಿಲ್ಲದೆ ಸಾಗದು.

ಅಕ್ರಿಲಿಕ್ ಪ್ಲಾಸ್ಟಿಕ್ಕೇ ಅಲ್ಲವೇ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯವರಂತೆ ಖನಿಜ, ಸಸ್ಯಗಳ ಬಣ್ಣಕ್ಕೆ ಮರಳಬಾರದೇ ಎಂಬ ಮಾತಿನಲ್ಲಿ ಹುರುಳಿದೆ. ಬ್ರಷ್ ತೊಳೆದ ನೀರನ್ನು ಚರಂಡಿಗೋ ನಾಲೆಗೋ ಚೆಲ್ಲುವುದು ತಪ್ಪು. ಬ್ರಷ್ಷನ್ನು ಮೊದಲು ಹಳೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಅದ್ದುವ ಅಭ್ಯಾಸವನ್ನು ಮೊದಲ ದಿನವೇ ಕಲಿಸಬೇಕು. ಆದರೆ ಹಳೆಯದೆಲ್ಲ ನಿರಪಾಯ ಎಂದು ನಂಬುವಂತಿಲ್ಲ. ಹಳದಿಗೆ ಬಳಸುತ್ತಿದ್ದ ಹರಿತಾಳದಲ್ಲಿ ಆರ್ಸೆನಿಕ್ ಇದೆ. ಸಾಂಪ್ರದಾಯಿಕ ಬಣ್ಣ ತಯಾರಿಸಲು ಗುರುವಿನ ಪಕ್ಕ ವರ್ಷಗಟ್ಟಲೆ ಕೂರಬೇಕು. ಸಂಜೆ ಒಂದು ಗಂಟೆ ಬಿಡುವು ಸಿಗುವವರಿಗೆ, ಟರ್ಪಂಟೈನ್ ಘಾಟಿಲ್ಲದೆ ಅಡುಗೆಮನೆಯ ಮೂಲೆಯಲ್ಲೂ ಬಳಸಬಹುದಾದ ಬಣ್ಣ ಅಕ್ರಿಲಿಕ್.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದು. ನಾಲೆಯ ನೀರಿಗೆ, ಕಬ್ಬಿನ ಬೆಲೆಗೆ ಬೀದಿಗಿಳಿಯಬೇಕಾದ ರೈತರ ಜಿಲ್ಲೆಯಲ್ಲಿ ಹೂವಿನ ಚಿತ್ರ ಯಾರಿಗೆ ಬೇಕು? ಚಿತ್ರದಿಂದ ಕಬ್ಬಿನ ಬೆಲೆ ಏರುವುದಿಲ್ಲ, ನಿಜ. ಆದರೆ ನಮ್ಮ ಹೂಗಳು ಅಲಂಕಾರಕ್ಕೆಂದೇ ಹುಟ್ಟಿದವಲ್ಲ. ಸೂಲಂಗಿ ಬಂತೆಂದರೆ ಕಬ್ಬಿನ ಜಲ್ಲೆಯ ಬೆಳವಣಿಗೆ ನಿಂತಿತೆಂದು ಅರ್ಥ. ಆಮೇಲೆ ಕಟಾವು ತಡವಾದಷ್ಟೂ ಜಲ್ಲೆ ಬೆಂಡಾಗಿ ತೂಕವೂ ಸಿಹಿಯೂ ಇಳಿಯುತ್ತವೆ. ಪಟ್ಟಣದವರಿಗೆ ಚೆಂದವಾಗಿ ಕಾಣುವ ಆ ಬೆಳ್ಳಿ ನವಿರನ್ನು ರೈತ ಆತಂಕದಿಂದ ನೋಡುತ್ತಾನೆ. ಕನಕಾಂಬರ, ಸುಗಂಧರಾಜ, ಸೇವಂತಿಗೆ ಬಿಡಿಸುವವರ ಕೂಲಿ, ಹಬ್ಬದ ದಿನದ ದರ, ಮರುದಿನದ ಕುಸಿತ ಎಲ್ಲವೂ ಆ ಹೂಗಳಲ್ಲಿ ಸೇರಿವೆ. ಇಷ್ಟೆಲ್ಲ ಅರಿತವರು ಬರೆದ ಸೂಲಂಗಿ ಈ ನೆಲದವರೊಡನೆ ಮಾತಾಡಬಲ್ಲದು. ಎರವಲು ತಂದ ಲ್ಯಾವೆಂಡರ್ ಬಯಲಿಗೆ ಆ ಶಕ್ತಿಯಿಲ್ಲ. ಕೊಳ್ಳುವವರು ಗುಲಾಬಿಯನ್ನೇ ಕೇಳುತ್ತಾರೆ ಎಂಬ ಅಂಜಿಕೆಯೂ ಬೇಡ. ಕಣ್ಣಿಗೆ ಬೀಳದ ಚಿತ್ರವನ್ನು ಯಾರೂ ಕೇಳಲಾರರು.

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಹಲಗೂರು ಕಡೆಯ ಒಣಸೀಮೆಯ ಶಾಲೆಯಲ್ಲಿ ತಂಗಡಿ, ತುಂಬೆ, ಎಕ್ಕ. ನಾಲೆ ಬಯಲಿನ ಶಾಲೆಯಲ್ಲಿ ಸೂಲಂಗಿ, ತಾವರೆ. ಏಪ್ರಿಲ್‌ನಲ್ಲಿ ಹೊಂಗೆ, ಕಕ್ಕೆ. ರಾಗಿ ಹೊಲದ ಸಾಲಿನಲ್ಲಿ ಹುಚ್ಚೆಳ್ಳು, ಅಣ್ಣೆ. ಚಿತ್ರಕಲಾ ಶಿಕ್ಷಕರು ಕಾಲಕ್ಕೆ ತಕ್ಕ ಹೂವನ್ನು ತರಗತಿಯ ನಡುವೆ ಇಡಲಿ, ಮೊದಲ ಹದಿನೈದು ನಿಮಿಷ ಬಣ್ಣ ಮುಟ್ಟದೆ ಪೆನ್ಸಿಲ್ ಹಿಡಿದು ನೋಡಿಸಲಿ. ಶಿಕ್ಷಕರ ಹುದ್ದೆ ಖಾಲಿಯಿರುವ ಕಡೆ ಅದನ್ನು ತುಂಬುವುದು ಸರ್ಕಾರದ ಹೊಣೆ. ಮಂಡ್ಯದ ಫಲಪುಷ್ಪ ಪ್ರದರ್ಶನದಲ್ಲಿ ಚಿತ್ರ ಬರೆಯುವವರಿಗೂ ಒಂದು ಮೂಲೆ, ನಾಲ್ಕು ಮೇಜು ಕೊಡಲಿ. ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳ ತೀರ್ಪುಗಾರರು ನುಣುಪಿಗೆ ಮಾರುಹೋಗದೆ, ಇದು ಯಾವ ಹೂ, ಎಲ್ಲಿ ಕಂಡೆ, ಯಾವ ಹೊತ್ತಿನಲ್ಲಿ ಅರಳುತ್ತದೆ ಎಂದು ಮಗುವನ್ನು ಕೇಳಲಿ. ಕೈ ಇನ್ನೂ ಪಳಗಿಲ್ಲದಿದ್ದರೂ ಚಿಂತೆಯಿಲ್ಲ, ಉತ್ತರ ಬಲ್ಲ ಮಗುವಿಗೇ ಬಹುಮಾನ ಸಲ್ಲಲಿ.